ಶೀಟ್ ಉಬ್ಬಿದೆಯೇ? ಮೊದಲು ಥಂಡಿ ಎಲ್ಲಿಂದ ನೋಡಿ

ಶಿರಸಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿತ್ತು. ಮೇ ಕೊನೆಯಲ್ಲಿ ಅದರ ಮೇಲೆ ವಿನೈಲ್ ಶೀಟ್ ಅಂಟಿಸಿದೆವು. ಆಷಾಢ ಬರುವಷ್ಟರಲ್ಲಿ ಅದು ಹಪ್ಪಳದ ಹಾಗೆ ಉಬ್ಬಿತು. ಸೂಜಿ ಚುಚ್ಚಿ, ಅಂಟು ತುಂಬಿ ಕೂರಿಸಿದೆ. ವಾರದೊಳಗೆ ಮತ್ತೆ ಎದ್ದಿತು. ನೆಲದ ಥಂಡಿ ನೋಡದೆ ಅಂಟಿಗೆ ಸುಮ್ನೆ ದುಡ್ಡು ಸುರಿದಿದ್ದೆ.

ಪರೀಕ್ಷೆ ಸುಲಭ. ಉಬ್ಬಿದ ಕಡೆ ಶೀಟ್ ಎತ್ತಿ, ನೆಲ ಒರೆಸಿ ಒಣಗಿಸಿ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ. 24 ಗಂಟೆ ಮುಟ್ಟಬೇಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ಪಸೆ ನೆಲದೊಳಗಿಂದ ಬರುತ್ತಿದೆ. ಮೇಲೆ ಮಾತ್ರ ಹನಿ ಇದ್ದರೆ ಗಾಳಿಯ ತೇವ ತಣ್ಣನೆ ನೆಲಕ್ಕೆ ತಾಗಿ ನೀರಾಗಿದೆ, ಅದಕ್ಕೆ ಫ್ಯಾನ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಕಡಿಮೆ ಮಾಡಿ. ಒಂದೇ ಗೋಡೆಯ ಬುಡ ಒದ್ದೆಯಾಗಿದ್ದರೆ ಅಲ್ಲಿನ ಪೈಪನ್ನೋ, ಹೊರಗೆ ಮಳೆ ಬಡಿಯುವ ಚೀರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆಯನ್ನೋ ಅನುಮಾನಿಸಿ. ಈ ಪರೀಕ್ಷೆ ಮಳೆಗಾಲದಲ್ಲೇ ಮಾಡಬೇಕು. ಮಾರ್ಚ್‌ನಲ್ಲಿ ನಮ್ಮೂರಿನ ಎಲ್ಲ ನೆಲವೂ ಒಣಗಿರುತ್ತದೆ!

ನೆಲವೇ ಬೆವರುತ್ತಿದ್ದರೆ ಅಂಟಿನ ಆಸೆ ಬಿಡಿ. ಶೀಟ್ ಕಿತ್ತು, ಅಡಿಮೈಯ ಬೂಷ್ಟನ್ನು ಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಸುತ್ತಿಡಿ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಅಂಟಿಲ್ಲದೆ ಹಾಸಿ. ಅಡಿಯಿಂದ ಮೇಲಕ್ಕೆ ಏರಿದ ಕಪ್ಪು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ನೆಲ ಒಣಗಿದ್ದೂ ಗುಳ್ಳೆ ಎದ್ದಿದ್ದರೆ ಸೂಜಿಯ ಉಪಾಯ ಸರಿ. ಹೇರ್ ಡ್ರೈಯರ್‌ನಿಂದ ಶೀಟ್ ಮೆತ್ತಗಾಗುವಷ್ಟು ಬಿಸಿ ಮಾಡಿ, ಚುಚ್ಚಿ ಗಾಳಿ ಬಿಡಿ. ಸಿರಿಂಜ್‌ನಲ್ಲಿ ವಿನೈಲ್ ಅಂಟು ತುಂಬಿ, ಲಟ್ಟಣಿಗೆ ಉರುಳಿಸಿ. ಮೇಲೆ ಒಂದು ಹಲಗೆ, ಅದರ ಮೇಲೆ ಅಕ್ಕಿ ಡಬ್ಬಿ. ಒಂದು ದಿನ ಹಾಗೇ ಇರಲಿ. ಎದ್ದ ಅಂಚಿಗೂ ಇದೇ ಮದ್ದು.

ಹರಿದಿದ್ದರೆ ತೇಪೆ ಹಾಕಬೇಕು. ಉಳಿದ ತುಂಡನ್ನು ಹರಿದ ಜಾಗದ ಮೇಲಿಟ್ಟು ಡಿಸೈನ್ ಹೊಂದಿಸಿ, ಟೇಪ್ ಹಚ್ಚಿ. ಹರಿತವಾದ ಕಟರ್‌ನಲ್ಲಿ ಎರಡೂ ಪದರ ಒಟ್ಟಿಗೆ ಕತ್ತರಿಸಿ. ಹಳೆಯದು ತೆಗೆದರೆ ಹೊಸದು ಸರಿಯಾಗಿ ಕೂರುತ್ತದೆ. ಡಿಸೈನಿನ ಗೆರೆ ಹಿಡಿದು ಕತ್ತರಿಸಿದರೆ ಜೋಡಣೆ ಕಾಣುವುದೇ ಇಲ್ಲ. ಹಾಗಾಗಿ ಹಾಸುವಾಗ ಉಳಿದ ತುಂಡನ್ನು ಎಸೆಯಬೇಡಿ.

ಸಿಂಕಿನ ಮುಂದೆ ಹಳದಿ ಕಲೆಯೇ? ಹೆಚ್ಚಾಗಿ ರಬ್ಬರ್ ತಳದ ಕಾಲೊರಸಿನದ್ದು. ಆ ಕಲೆ ಹೋಗುವುದಿಲ್ಲ. ಹತ್ತಿಬಟ್ಟೆಯದ್ದು ಹಾಕಿ. ಕಾರವಾರ, ಅಂಕೋಲೆಯ ಕಡಲತೀರದ ಮನೆಗಳಲ್ಲಿ ಹೊಳಪು ತಿನ್ನುವುದು ಚಪ್ಪಲಿಯ ಮರಳು. ಅಲ್ಲಿ ನೆಲ ಒರೆಸುವ ಮೊದಲು ಗುಡಿಸಿ.