‘ಔಷಧಿ ಹೊಡೆದರೂ ಕೊಳೆ ಬಂತು’ ಅನ್ನುವವರ ಜೊತೆ

‘ಔಷಧಿ ಹೊಡೆದರೂ ಕೊಳೆ ಬಂತು’ ಎಂದು ಜುಲೈನಲ್ಲಿ ಹೇಳುವವರಲ್ಲಿ ಹೆಚ್ಚಿನವರು ಮೇ ತಿಂಗಳಲ್ಲಿ ಔಷಧಿ ಕಲಸುವ ಕ್ರಮ ಹೇಳಹೋದಾಗ ‘ಅದೆಲ್ಲ ಪುಸ್ತಕದ ಮಾತು ಮಾರಾಯ’ ಎಂದವರೇ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಆ ಔಷಧಿ ಬೋರ್ಡೋ ದ್ರಾವಣ. ಅದಕ್ಕೆ ಬೇಕಾದದ್ದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು, ಅಷ್ಟೇ. ಇಷ್ಟು ಸಾಮಾನಿನಲ್ಲಿ ಹೊಸದಾಗಿ ತಿಳಿಯುವುದೇನಿದೆ ಎಂಬ ಧೈರ್ಯ ಎಲ್ಲರಿಗೂ. ಕೊಳೆರೋಗದ ವಿಷಯದಲ್ಲಿ ಈ ಧೈರ್ಯ ಹಳೆಯದು. ಕೆನಡಾದಿಂದ 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಬೋರ್ಡೋ ಹೊಡೆಯಿರಿ ಎಂದರು. ನೂರು ವರ್ಷ ದಾಟಿದ ಮೇಲೂ ನಮ್ಮಲ್ಲಿ ದ್ರಾವಣವನ್ನು ಅಂದಾಜಿನಲ್ಲೇ ಕಲಸುತ್ತಾರೆ.

ಮಾತಿನಲ್ಲಿ ವಿವರಿಸುವುದನ್ನು ನಾನು ಬಹುಮಟ್ಟಿಗೆ ಬಿಟ್ಟಿದ್ದೇನೆ. ಡ್ರಮ್ಮಿನಲ್ಲಿ ಕಲಸಿ ಆದ ಮೇಲಂತೂ ಬಾಯಿ ತೆರೆಯುವುದೇ ಇಲ್ಲ. ಎರಡು ಕೆಜಿ ತುತ್ತದ ದುಡ್ಡು ನೀರಿಗೆ ಬಿದ್ದಾಗಿದೆ, ಆಳುಗಳು ಕಾಯುತ್ತಿದ್ದಾರೆ, ಮೋಡ ಕಟ್ಟುತ್ತಿದೆ. ಆ ಹೊತ್ತಿಗೆ ತಪ್ಪು ತೋರಿಸಿದರೆ ಯಾವನೂ ಒಪ್ಪುವುದಿಲ್ಲ. ಹೇಳುವುದಿದ್ದರೆ ಹಿಂದಿನ ದಿನ ಸಂಜೆ, ಸುಣ್ಣದ ಚೀಲ ಬಿಚ್ಚುವಾಗ.

ಮೊದಲ ಜಗಳ ಸುಣ್ಣದ್ದೇ. ಪುಸ್ತಕದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಎಂದಿದೆ. ‘ತೂಕ ಸರಿಯಾಗಿದೆಯಲ್ಲ, ಮತ್ತೇನು?’ ಎನ್ನುತ್ತಾರೆ. ಲೆಕ್ಕದ ಪ್ರಕಾರ ಒಂದು ಕೆಜಿ ತುತ್ತದ ಹುಳಿ (ಆಮ್ಲ) ಮುರಿಯಲು ಅಪ್ಪಟ ಅರಳಿದ ಸುಣ್ಣ 300 ಗ್ರಾಂ ಸಾಕು. ಒಂದು ಕೆಜಿ ಎಂದು ಬರೆದಿರುವುದು ಸುಣ್ಣ ಎಲ್ಲ ಕಡೆ ಒಂದೇ ಥರ ಇರುವುದಿಲ್ಲವೆಂದೇ. ಕೊಟ್ಟಿಗೆಯಲ್ಲಿ ಬಾಯಿ ಬಿಚ್ಚಿ ಬಿದ್ದ ಹೋದ ವರ್ಷದ ಸುಣ್ಣ ಗಾಳಿ ಕುಡಿದು ಸೀಮೆಸುಣ್ಣದ ಪುಡಿಯಂತಾಗಿರುತ್ತದೆ. ಅದನ್ನು ಎಷ್ಟು ಸುರಿದರೂ ಹುಳಿ ಪೂರಾ ಮುರಿಯುವುದಿಲ್ಲ, ಸಿಂಗಾರ, ಮಿಡಿ ಸುಟ್ಟುಹೋಗುತ್ತವೆ. ಆಗ ಬೈಗುಳ ತುತ್ತಕ್ಕೆ.

‘ಕಾರ್ಬೊನೇಟ್ ಆಗಿದೆ’ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಅರ್ಧ ಲಿಂಬೆಹಣ್ಣು ಇಟ್ಟುಕೊಂಡಿರುತ್ತೇನೆ. ಒಂದು ಚಮಚ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲೆ ಲಿಂಬೆರಸ ಹಿಂಡಿ. ಒಳ್ಳೆಯ ಸುಣ್ಣ ಸುಮ್ಮನಿರುತ್ತದೆ, ಹಳೆಯದು ಸೋಡಾ ಬಾಟಲಿ ಬಿಚ್ಚಿದ ಹಾಗೆ ಬುರುಬುರು ನೊರೆ ಏಳಿಸುತ್ತದೆ. ಎಲೆ ಅಡಿಕೆ ಹಾಕುವ ಹಿರಿಯರಿಗೆ ಅದೂ ಬೇಡ. ‘ಮಾವ, ಈ ಸುಣ್ಣ ಎಲೆಗೆ ಹಚ್ಚಿದರೆ ಬಾಯಿ ಬೇಯ್ತದಾ?’ ಎಂದು ಕೇಳಿದರೆ ಸಾಕು. ಡಬ್ಬಿಯ ಬಾಯಿ ತೆರೆದಿಟ್ಟ ಸುಣ್ಣಕ್ಕೆ ಖಾರ ಇರುವುದಿಲ್ಲವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ತಿಳಿವಳಿಕೆ ಡ್ರಮ್ಮಿಗೂ ಸಲ್ಲುತ್ತದೆ ಎಂಬುದಷ್ಟೇ ಹೊಳೆದಿರುವುದಿಲ್ಲ.

ನಾನು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ಎರಡು ಕೆಜಿ ತುತ್ತ ಹಾಕುತ್ತೇನೆ. ಕಬ್ಬಿಣದ ಡ್ರಮ್ಮಾದರೆ ತಾಮ್ರ ತಗಡಿಗೆ ಹತ್ತಿ, ತಗಡೂ ತೂತಾಗುತ್ತದೆ. ರಾತ್ರಿಯೇ ತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಮೇಲ್ಮಟ್ಟಕ್ಕೆ ಮುಳುಗುವಂತೆ ಕೋಲಿಗೆ ನೇತುಹಾಕುವುದು. ಕರಗಿದ ತುತ್ತದ ನೀರು ಭಾರ, ತಾನಾಗಿ ತಳಕ್ಕೆ ಇಳಿಯುತ್ತದೆ, ಗಂಟಿಗೆ ಹೊಸ ನೀರು ಸಿಗುತ್ತಾ ಇರುತ್ತದೆ. ತಳಕ್ಕೆ ಸುರಿದಿಟ್ಟರೆ ಬೆಳಗ್ಗೆ ನೋಡುವಾಗ ಅರ್ಧ ಹರಳು ಅಲ್ಲೇ ಇರುತ್ತದೆ. ಸುಣ್ಣ ಅರಳಿಸುವುದೂ ರಾತ್ರಿಯೇ. ಬಿಸಿ ಇರುವಾಗ ಬೆರೆಸಿದರೆ ಕಣ ದಪ್ಪವಾಗುತ್ತದೆ.

ಬೆಳಗ್ಗೆ ಡ್ರಮ್ಮಿನಲ್ಲಿ 100 ಲೀಟರ್ ಸುಣ್ಣದ ನೀರು, ಬಟ್ಟೆಯಲ್ಲಿ ಸೋಸಿದ್ದು. ಬಕೆಟ್ಟಿನ ತುತ್ತವನ್ನೂ ಬೇರೆ ಪಾತ್ರೆಯಲ್ಲಿ 100 ಲೀಟರಿಗೆ ತಂದುಕೊಂಡು, ಒಬ್ಬರು ಬಿದಿರುಕೋಲಿನಿಂದ ಬಿಡದೆ ತಿರುವುತ್ತಿರುವಾಗ, ಕೊಡಕೊಡವಾಗಿ ಸುಣ್ಣದ ಮೇಲೆ ನಿಧಾನವಾಗಿ ಹೊಯ್ಯುವುದು. ತುತ್ತವೇ ಸುಣ್ಣಕ್ಕೆ ಬರಬೇಕು. ‘ಎರಡೂ ಸೇರುವುದೇ ಅಲ್ಲವಾ, ಯಾವುದು ಮೊದಲಾದರೇನು, ನೀರು ಕೊನೆಗೆ ಹೊಯ್ದರೇನು?’ ಎಂಬುದು ಎರಡನೇ ಜಗಳ. ಇದಕ್ಕೆ ಎರಡು ಗಾಜಿನ ಬಾಟಲಿ. ಒಂದಕ್ಕೆ ನನ್ನ ಡ್ರಮ್ಮಿನದು, ಇನ್ನೊಂದಕ್ಕೆ ದಪ್ಪ ತುತ್ತ, ದಪ್ಪ ಸುಣ್ಣ ಕಲಸಿ ಕೊನೆಗೆ ನೀರು ಹೊಯ್ದ ಅವರದ್ದು. ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಚಾ ಕುಡಿದು ಬರುವಷ್ಟರಲ್ಲಿ ಅವರ ಬಾಟಲಿಯಲ್ಲಿ ಮೇಲೆ ತಿಳಿನೀರು, ಅಡಿಗೆ ನೀಲಿ ಗಸಿ. ನನ್ನದು ಆಗಲೂ ಮೇಲಿಂದ ಕೆಳಗಿನವರೆಗೆ ಆಕಾಶನೀಲಿ. ಆ ಗಸಿಯೇ ನಾಜಲ್ ಕಟ್ಟಿಸುವುದು. ಕಾಯಿಗೆ ಹತ್ತಿದರೂ ಮೊದಲ ಮಳೆಗೇ ಉದುರುವುದೂ ಅದೇ.

ಬೆರೆಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿಡುತ್ತೇನೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಹುಳಿ ಇದೆ, ಸ್ವಲ್ಪ ಸುಣ್ಣದ ನೀರು ಹಾಕಿ ತಿರುವಿ ಮತ್ತೆ ಅದ್ದಬೇಕು. ಸ್ಟೀಲಿನ ಚಾಕು ಇದಕ್ಕೆ ಆಗದು. ನೀಲಿ ಲಿಟ್ಮಸ್ ಕಾಗದ ಕೆಂಪಾಗುವುದೂ ಅದೇ ಲಕ್ಷಣ, ಆದರೆ ಕಾಗದ ನೋಡಿ ನಗುವವರು ತಮ್ಮದೇ ಕತ್ತಿ ಕೆಂಪಾದಾಗ ನಗುವುದಿಲ್ಲ. ಹಾಗೆಂದು ಹೆದರಿ ಸಿಕ್ಕಾಪಟ್ಟೆ ಸುಣ್ಣ ಸುರಿಯುವುದೂ ಬೇಡ, ತಾಮ್ರ ಬಿಡುಗಡೆಯಾಗುವುದು ನಿಧಾನವಾಗುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಕೀಟನಾಶಕ, ಯೂರಿಯಾ ಯಾವುದನ್ನೂ ‘ಹೇಗೂ ಹೊಡೀತೀವಲ್ಲ’ ಎಂದು ಇದಕ್ಕೆ ಸೇರಿಸಬಾರದು.

ಅತಿ ಹೆಚ್ಚು ತಲೆ ತಿನ್ನುವುದು ಹೊತ್ತಿನ ಪ್ರಶ್ನೆ. ಬೋರ್ಡೋ ತಡೆಯುತ್ತದೆ, ವಾಸಿ ಮಾಡುವುದಿಲ್ಲ. ರೋಗಾಣುವಿನ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ ಒಳಹೊಗುತ್ತವೆ. ತಾಮ್ರ ಅವನ್ನು ಹೊರಗೆ, ಈಜುವಾಗಲೇ ಕೊಲ್ಲಬೇಕು. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ ಕಂಡ ಮೇಲೆ ಆ ಕಾಯಿಗೆ ಏನು ಹೊಡೆದರೂ ಅಷ್ಟೇ. ಆದ್ದರಿಂದ ಮಳೆ ಹಿಡಿಯುವ ಮೊದಲು ಒಂದು, 40–45 ದಿನಕ್ಕೆ ಇನ್ನೊಂದು, ಮಳೆ ಎಳೆದರೆ ಮೂರನೆಯದು. ಅಂಗಡಿಯಿಂದ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ಪುಡಿ ತಂದು ಹೊಡೆಯುವುದೂ ದಂಡ. ಕೊಳೆ ತರುವ ರೋಗಾಣು ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ನೀರು ಬೂಸ್ಟಿನ ಜಾತಿ. ಆ ಪುಡಿ ಅದನ್ನು ಮುಟ್ಟುವುದಿಲ್ಲ.

‘ಹೋದ ವರ್ಷ ನಾ ಹಿಂಗೇ ಕಲಸಿದ್ದೆ, ಏನೂ ಆಗಲಿಲ್ಲ’ ಎಂಬ ಮಾತಿಗೆ ಮಾತ್ರ ಬಾಟಲಿ, ಕತ್ತಿ ಎರಡೂ ಸಾಲವು. ಹೋದ ವರ್ಷ ಜುಲೈನಲ್ಲಿ ಮಳೆ ಬಿಟ್ಟು ಹೊಳವಾಗಿದ್ದರೆ ಬರೀ ನೀರು ಹೊಡೆದವನ ಕಾಯಿಯೂ ಉಳಿದಿರುತ್ತದೆ. ಮಳೆಯ ಪುಣ್ಯ ಡ್ರಮ್ಮಿನ ಖಾತೆಗೆ ಜಮಾ ಆಗುತ್ತದೆ. ಇಂಥವರಿಗೆ ವಾದ ಬಿಟ್ಟು ಬಣ್ಣದ ಡಬ್ಬಿ ಕೊಡುತ್ತೇನೆ. ಒಂದೇ ತಗ್ಗಿನ, ಒಂದೇ ವಯಸ್ಸಿನ 20 ಮರ ಆರಿಸಿ, ಹತ್ತಕ್ಕೆ ಕೆಂಪು ಪಟ್ಟೆ, ಹತ್ತಕ್ಕೆ ಬಿಳಿ. ಕೆಂಪಿಗೆ ಅವರ ಕಲಸು, ಬಿಳಿಗೆ ಕತ್ತಿ ಅದ್ದಿ ನೋಡಿದ್ದು, ಒಂದೇ ದಿನ, ಮರ ಹತ್ತಿ ಔಷಧಿ ಹೊಡೆಯುವ ಒಂದೇ ಕೊನೆಗೌಡನ ಕೈಯಲ್ಲಿ. ವಾರಕ್ಕೊಮ್ಮೆ ಬುಡದಲ್ಲಿ ಬಿದ್ದ ಕೊಳೆ ಕಾಯಿ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವುದು. ಎಣಿಕೆ ಅವರದೇ ಕೈಯಲ್ಲಿರಬೇಕು, ನಾನು ಎಣಿಸಿದ್ದು ಲೆಕ್ಕಕ್ಕಿಲ್ಲ. ಒಮ್ಮೊಮ್ಮೆ ಎರಡೂ ಕಡೆ ಒಂದೇ ಸಮ ಬಿದ್ದು ನನ್ನ ಮುಖವೇ ಸಣ್ಣದಾಗುತ್ತದೆ. ಆಗ ಹೆಚ್ಚಿನಂಶ ದೋಷ ಕಲಸಿದ್ದರಲ್ಲಿ ಇರುವುದಿಲ್ಲ, ಹೊಡೆದದ್ದರಲ್ಲಿ: ಕೊನೆಯ ಮುಖಕ್ಕೆ ಹೊಡೆದು ಬೆನ್ನನ್ನು ಒಣಗಿದ ಹಾಗೇ ಬಿಟ್ಟಿರುತ್ತಾರೆ, ಇಲ್ಲವೇ ಒದ್ದೆ ಕೊನೆಗೆ ಹೊಡೆದಿರುತ್ತಾರೆ. ಕೆಳಗೆ ನಿಂತು ನೋಡಿದರೆ ಅದು ತಿಳಿಯದು, ಕೊನೆಗೌಡನನ್ನೇ ಕೇಳಬೇಕು.

ಇಷ್ಟಾದರೂ ಒಪ್ಪದವರ ತೋಟ ನಮ್ಮ ಬೇಲಿಗೆ ತಾಗಿದ್ದರೆ, ಬೇಲಿಯಂಚಿನ ಎರಡು ಸಾಲಿಗೆ ಮೊದಲು ಹೊಡೆಸುತ್ತೇನೆ. ಗಾಳಿಮಳೆಯ ಎರಚಲಿಗೆ ಬೇಲಿ ಅಡ್ಡವಲ್ಲ. ಆಮೇಲೆ ಅವರನ್ನು ಕೇಳಿ, ಆಚೆ ಬದಿಯಲ್ಲಿ ಬಿಳಿ ಬೂಸ್ಟು ಹಿಡಿದು ಬಿದ್ದ ಕಾಯಿಗಳನ್ನು ಬುಟ್ಟಿಯಲ್ಲಿ ಹೆಕ್ಕಿ ತಂದು ಸುಡುತ್ತೇನೆ. ಕಾಯಿ ಹೆಕ್ಕುವುದಕ್ಕೆ ಇದುವರೆಗೆ ಯಾರೂ ಬೇಡ ಎಂದಿಲ್ಲ.