ದೂರವಾಣಿ ಕಂಪನಿಗಳ ವಿಲೀನವನ್ನು ಅಳೆದು ನೋಡುವುದು ಹೇಗೆ?

ಎರಡು ದೂರವಾಣಿ ಕಂಪನಿಗಳು ಒಂದಾಗುವ ಸುದ್ದಿಯ ಬೆನ್ನಿಗೇ ಇದರಿಂದ ಗ್ರಾಹಕರಿಗೆ ಲಾಭವೆಂಬ ಹೇಳಿಕೆಯೂ ಬರುತ್ತದೆ. ಅದನ್ನು ಒರೆಗೆ ಹಚ್ಚಲು ಒಂದು ಹಾಳೆ, ಪೆನ್ಸಿಲ್ ಮತ್ತು ಗುಣಾಕಾರ ಗೊತ್ತಿದ್ದರೆ ಸಾಕು. ಅಭ್ಯಾಸಕ್ಕೆ ಅಮೆರಿಕದ ಎಟಿ ಅಂಡ್ ಟಿ ಕಂಪನಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ವಂಶವೃಕ್ಷವನ್ನು ಬರೆದುಕೊಳ್ಳಿ. ಸರ್ಕಾರ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆ ರಾಜಿಯಲ್ಲಿ ಮುಗಿದು, 1984ರ ಜನವರಿ 1ರಂದು ಎಟಿ ಅಂಡ್ ಟಿ ತನ್ನ ಸ್ಥಳೀಯ ದೂರವಾಣಿ ಜಾಲವನ್ನು ಏಳು ಪ್ರಾದೇಶಿಕ ಕಂಪನಿಗಳಿಗೆ ಬಿಟ್ಟುಕೊಟ್ಟು, ನಾವು ಎಸ್‌ಟಿಡಿ ಎನ್ನುತ್ತಿದ್ದಂಥ ದೂರದ ಕರೆಗಳ ವ್ಯವಹಾರವನ್ನು ತನ್ನಲ್ಲಿ ಉಳಿಸಿಕೊಂಡಿತು. ಆ ಏಳರಲ್ಲೊಂದಾದ ಸೌತ್‌ವೆಸ್ಟರ್ನ್ ಬೆಲ್, ಎಸ್‌ಬಿಸಿ ಎಂಬ ಹೆಸರಿನಲ್ಲಿ 1997ರಲ್ಲಿ ಪೆಸಿಫಿಕ್ ಟೆಲಿಸಿಸ್ ಅನ್ನೂ 1999ರಲ್ಲಿ ಅಮೆರಿಟೆಕ್ ಅನ್ನೂ ಕೊಂಡಿತು. 2005ರಲ್ಲಿ ಎಟಿ ಅಂಡ್ ಟಿಯನ್ನೇ ಕೊಂಡು ಆ ಹೆಸರನ್ನು ತಾನಿಟ್ಟುಕೊಂಡಿತು. 2006ರ ಕೊನೆಗೆ ಬೆಲ್‌ಸೌತ್ ಕೂಡ ಸೇರಿತು. ಮಗಳು ತಾಯಿಯನ್ನು ಕೊಂಡು ತಾಯಿಯ ಹೆಸರಿನಲ್ಲೇ ಸಂಸಾರ ಹೂಡಿದಂತಾಯಿತು. ಏಳರಲ್ಲಿ ನಾಲ್ಕು ಇಲ್ಲಿ ಕೂಡಿದರೆ, ಇನ್ನೆರಡು ವೆರೈಜ಼ಾನ್ ಆದವು.

ಬಳಿಕ ಮಾರುಕಟ್ಟೆಯ ಗಡಿಯನ್ನು ಗೊತ್ತುಮಾಡಿಕೊಳ್ಳಿ. ಸ್ಥಿರ ದೂರವಾಣಿಯೋ ಮೊಬೈಲೋ, ಇಡೀ ದೇಶವೋ ಒಂದು ಪ್ರದೇಶವೋ ಎಂಬುದು ತೀರ್ಮಾನವಾಗದೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ. (ಕರ್ನಾಟಕ ವಲಯದ ಲೆಕ್ಕ ಮಾಡಬಯಸುವವರಿಗೆ ಭಾರತದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಪ್ರತಿ ತಿಂಗಳು ಪ್ರಕಟಿಸುವ ಚಂದಾದಾರರ ಅಂಕಿಗಳಿವೆ.)

ಈಗ ಪ್ರತಿ ಕಂಪನಿಯ ಶೇಕಡಾವಾರು ಪಾಲನ್ನು ಅದರಿಂದಲೇ ಗುಣಿಸಿ, ಬಂದ ವರ್ಗಗಳನ್ನೆಲ್ಲ ಕೂಡಿಸಿ. ಮೊತ್ತ ಹೆಚ್ಚಿದಷ್ಟೂ ಮಾರುಕಟ್ಟೆ ಕೆಲವೇ ಕಂಪನಿಗಳ ಕೈಯಲ್ಲಿದೆ ಎಂದರ್ಥ. ಶೇ 25ರ ಸಮಪಾಲಿನ ನಾಲ್ಕು ಕಂಪನಿಗಳಿದ್ದರೆ ಮೊತ್ತ 2,500. ಅವುಗಳಲ್ಲಿ ಎರಡು ಒಂದಾದರೆ 3,750. ಏರಿಕೆಯಷ್ಟೇ ಬೇಕಿದ್ದರೆ ಒಂದಾಗುವ ಎರಡರ ಪಾಲುಗಳನ್ನು ಗುಣಿಸಿ ಇಮ್ಮಡಿ ಮಾಡಿ: 1,250. ಅಮೆರಿಕದ 2023ರ ವಿಲೀನ ಮಾರ್ಗಸೂಚಿಯ ಪ್ರಕಾರ ಮೊತ್ತ 1,800ನ್ನು ಮೀರಿ, ಏರಿಕೆಯೂ 100ನ್ನು ಮೀರಿದರೆ ಆ ವಿಲೀನ ಪೈಪೋಟಿಗೆ ಮಾರಕವೆಂದು ಮೇಲ್ನೋಟಕ್ಕೇ ಭಾವಿಸಲಾಗುತ್ತದೆ. 2011ರಲ್ಲಿ ಟಿ-ಮೊಬೈಲ್ ಯುಎಸ್‌ಎಯನ್ನು 3,900 ಕೋಟಿ ಡಾಲರಿಗೆ ಕೊಳ್ಳಹೊರಟ ಎಟಿ ಅಂಡ್ ಟಿ ಮೇಲೆ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದಾಗಲೂ ವಾದದ ಒಂದು ಆಧಾರ ಇಂಥ ಲೆಕ್ಕವೇ ಆಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಹಿಂದೆ ಸರಿಯಿತು.

ಆದರೆ ಈ ಲೆಕ್ಕದ ಕಣ್ಣಿಗೆ ಬೀಳದ ನಷ್ಟವೊಂದಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಎಸ್‌ಬಿಸಿ ಮತ್ತು ಅಮೆರಿಟೆಕ್‌ಗಳ ಸ್ಥಳೀಯ ತಂತಿಜಾಲಗಳು ಬೇರೆ ಬೇರೆ ರಾಜ್ಯಗಳಲ್ಲಿದ್ದವು. ಒಂದೇ ಊರಿನಲ್ಲಿ ಇಬ್ಬರೂ ಸ್ಥಳೀಯ ಸೇವೆ ನೀಡುತ್ತಿರದಿದ್ದಲ್ಲಿ ಆ ಊರಿನ ಮಟ್ಟಿಗೆ ಏರಿಕೆ ಸೊನ್ನೆ, ಹಾಗಾಗಿ ಹಾನಿಯೂ ಇಲ್ಲವೆಂದು ವಾದಿಸಬಹುದು. 1996ರ ದೂರಸಂಪರ್ಕ ಕಾಯ್ದೆಯ ಆಶಯವಾದರೋ ಇಂಥ ನೆರೆಯವರು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ನುಗ್ಗಿ ಪೈಪೋಟಿ ಕೊಡಲಿ ಎಂಬುದಾಗಿತ್ತು. ಅವರು ನುಗ್ಗುವ ಬದಲು ಬೀಗರಾದರು. ಇದನ್ನು ಅರಿತೇ ಅಮೆರಿಕದ ದೂರಸಂಪರ್ಕ ನಿಯಂತ್ರಕವಾದ ಸಂಪರ್ಕ ಆಯೋಗ (ಎಫ್‌ಸಿಸಿ), ವಿಲೀನದ ಬಳಿಕ ತನ್ನ ಪ್ರದೇಶದ ಹೊರಗಿನ 30 ನಗರಗಳಲ್ಲಿ ಸೇವೆ ಆರಂಭಿಸಬೇಕೆಂದು ಎಸ್‌ಬಿಸಿಗೆ ಷರತ್ತು ಹಾಕಿತ್ತು. ಅಲ್ಲೆಲ್ಲ ಅದು ಲೆಕ್ಕಕ್ಕೆ ಬರುವ ಪೈಪೋಟಿದಾರನಾಗಿ ಬೆಳೆಯಲಿಲ್ಲ. ಆದ್ದರಿಂದ ಹಾಳೆಯ ಅಂಚಿನಲ್ಲಿ ಒಂದು ಪ್ರಶ್ನೆಯನ್ನು ಬರೆದಿಡಿ: ಈ ವಿಲೀನವಾಗದಿದ್ದರೆ ನಾಳೆ ಇಲ್ಲಿಗೆ ಯಾರು ಬರುತ್ತಿದ್ದರು?

ಕೊನೆಯದಾಗಿ, ಅನುಮತಿಯ ಜೊತೆಗಿರುವ ಷರತ್ತುಗಳ ಅವಧಿಯನ್ನು ನೋಡಿ. ಬೆಲ್‌ಸೌತ್ ಖರೀದಿಯ ಸಂದರ್ಭದಲ್ಲಿ ಅಂತರ್ಜಾಲ ಸಂಚಾರದಲ್ಲಿ ತಾರತಮ್ಯ ಮಾಡುವುದಿಲ್ಲವೆಂದು ಕೊಟ್ಟ ಮಾತಿನ ಆಯುಸ್ಸು ಎರಡೇ ವರ್ಷ. 2020ರಲ್ಲಿ ಟಿ-ಮೊಬೈಲ್ ಮತ್ತು ಸ್ಪ್ರಿಂಟ್ ಒಂದಾದಾಗ, ಕಳೆದುಹೋಗುವ ನಾಲ್ಕನೆಯ ಮೊಬೈಲ್ ಕಂಪನಿಯ ಜಾಗವನ್ನು ಉಪಗ್ರಹ ಟಿವಿ ಕಂಪನಿ ಡಿಶ್ ತುಂಬಬೇಕೆಂದು ಗೊತ್ತಾಗಿತ್ತು. 2025ರಲ್ಲಿ ಡಿಶ್‌ನ ಮಾತೃಸಂಸ್ಥೆ ತನ್ನ ತರಂಗಾಂತರಗಳ ದೊಡ್ಡ ಭಾಗವನ್ನು ಮಾರಲು ಒಪ್ಪಿತು. ಕೊಳ್ಳುವವರು ಎಟಿ ಅಂಡ್ ಟಿ.