ಅಕ್ಕಿ ಚೀಲದ ಎಳೆ ಹಾಕಿದ ಕಾಂಪೌಂಡ್ ಸ್ಲ್ಯಾಬು: ನನ್ನ ಅನುಭವ

ಚನ್ನಗಿರಿ ಕಡೆ ಅಡಿಕೆ ತೋಟಗಳಿಗೆ ಕಾಂಪೌಂಡ್ ಕಟ್ಟುವ ಕಾಂಕ್ರೀಟ್ ಸ್ಲ್ಯಾಬ್ ಕಳಿಸಿದರೆ ಮೊದಲೆಲ್ಲ ನೂರಕ್ಕೆ ಏಳೆಂಟರ ಮೂಲೆ ಒಡೆದುಹೋಗುತ್ತಿದ್ದವು. ಒಂದಕ್ಕೆ 300 ರೂಪಾಯಿ ಹಿಡಿದರೂ ಎರಡು ಸಾವಿರಕ್ಕೂ ಮೇಲೆ ಮಣ್ಣುಪಾಲು. ಕಾಂಕ್ರೀಟಿಗೆ ಹಳೇ ಅಕ್ಕಿ ಚೀಲದ ಎಳೆ ಸೇರಿಸಿದ ಮೇಲೆ ಈಗ ಒಂದೋ ಎರಡೋ. "ಪ್ಲಾಸ್ಟಿಕ್ ಹಾಕಿದ್ರೆ ಸಿಮೆಂಟ್ ಹಿಡಿಯಲ್ಲ ಕಣ್ರೀ" ಅಂದಿದ್ದ ಕಾಂಟ್ರಾಕ್ಟರುಗಳೇ ಎಳೆ ಹಾಕಿದ ಮಾಲು ಕೇಳಿ ಫೋನ್ ಮಾಡುತ್ತಾರೆ.

ಶುರುವಾಗಿದ್ದು ನೀರಿನ ಬಾಟಲಿಯನ್ನು ಪಟ್ಟಿ ಕತ್ತರಿಸಿ ಹಾಕುವುದರಿಂದ. ಪಟ್ಟಿ ನುಣುಪು, ಸ್ಲ್ಯಾಬ್ ಒಡೆದರೆ ಪಟ್ಟಿ ತುಂಡಾಗದೆ ಜಾರಿ ಬರುತ್ತಿತ್ತು. ಅಡ್ಡಬಿದ್ದ ಪಟ್ಟಿಯ ಕೆಳಗೆ ನೀರು ನಿಂತು ಪೊಳ್ಳು. ಸಾಲದ್ದಕ್ಕೆ ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿಗೆ ಸಿಮೆಂಟಿನ ಕ್ಷಾರ ಆಗಿಬರದು, ಕಾಲ ಕಳೆದಂತೆ ಸವೆಯುತ್ತದೆ. ಲೇಬಲ್ ಕಿತ್ತು ತೊಳೆಯುವ ಕೂಲಿ ಸೇರಿ ಹದಿನೈದಿಪ್ಪತ್ತು ಸಾವಿರ ಹೋಯಿತು.

ಹೆಣೆದ ಅಕ್ಕಿ ಚೀಲವೋ ಪಾಲಿಪ್ರೊಪಿಲೀನ್ ಅನ್ನುವ ಬೇರೆ ಪ್ಲಾಸ್ಟಿಕ್, ಕ್ಷಾರಕ್ಕೆ ಜಗ್ಗುವುದಿಲ್ಲ. ಮಂಡಕ್ಕಿ ಭಟ್ಟಿ, ರೈಸ್‌ಮಿಲ್ಲು ಇರುವ ದಾವಣಗೆರೆಯಲ್ಲಿ ಹಳೇ ಚೀಲಕ್ಕೆ ಬರವೇ? ಐದಾರು ರೂಪಾಯಿಗೆ ಒಂದು. ಆದರೆ ಆರಿಸಿಕೊಳ್ಳಬೇಕು. ಬಿಸಿಲಲ್ಲಿ ಬಿದ್ದ ಚೀಲ ಎಳೆದರೆ ಪುಡಿಯಾಗುತ್ತದೆ, ಬೇಡ. ಲ್ಯಾಮಿನೇಷನ್ ಇರುವ ಸಿಮೆಂಟ್ ಚೀಲದ ಎಳೆ ಬಿಡಿಸಿಕೊಳ್ಳುವುದಿಲ್ಲ, ಅದೂ ಬೇಡ.

ಕತ್ತರಿಸುವುದು ಮೇವಿನ ಮಷೀನಿನಲ್ಲೇ. ಎರಡೂವರೆ ಇಂಚಿನ ಎಳೆ ಮಿಕ್ಸರಿನಲ್ಲಿ ಹಕ್ಕಿಗೂಡಿನಂತೆ ಉಂಡೆಕಟ್ಟಿತು; ಒಂದಿಂಚಿನ ಆಸುಪಾಸು ಸರಿಹೋಯಿತು. ಒಂದು ಮೂಟೆ ಸಿಮೆಂಟಿಗೆ ಎರಡು ಚೀಲ, ಅಂದಾಜು 150–200 ಗ್ರಾಂ. ಮೊದಲು ಬೇಬಿ ಜೆಲ್ಲಿ (ಸಣ್ಣ ಜಲ್ಲಿಕಲ್ಲು) ಜೊತೆ ನೀರು ಹಾಕದೆ ತಿರುಗಿಸಿ, ಆಮೇಲೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಸಿಮೆಂಟ್, ನೀರು. ಮಿಶ್ರಣ ಬಿಗಿಯಾಗುತ್ತದೆ; ನೀರು ಸುರಿಯಬೇಡಿ, ನೀರು ಹೆಚ್ಚಿಸದೆ ಮಿಶ್ರಣ ಸಡಿಲ ಮಾಡುವ ಪ್ಲಾಸ್ಟಿಸೈಸರ್ ಹಾಕಿ. ಕತ್ತರಿಸುವ ಮುಂಚೆ ಚೀಲವನ್ನು ಯಾವುದರಲ್ಲಿ ನೆನೆಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಕಾಂಕ್ರೀಟ್ ಗಟ್ಟಿಯನ್ನು ಒತ್ತಿ ಒಡೆಯುವ ಕ್ಯೂಬ್ ಟೆಸ್ಟಿನಲ್ಲಿ ಭಾರ ತಡೆಯುವ ಶಕ್ತಿ ಏರಲಿಲ್ಲ, ಒಂಚೂರು ಇಳಿದದ್ದೂ ಉಂಟು. ಅದನ್ನೇ ಹಿಡಿದು ನಕ್ಕವರಿದ್ದಾರೆ. ಅವರಿಗೆ ಒಡೆದ ಸ್ಲ್ಯಾಬ್ ತೋರಿಸಿದೆ: ಬಿರುಕು ಬಿಟ್ಟರೂ ಚೂರು ಉದುರುವುದಿಲ್ಲ, ಎಳೆಗಳು ಹಿಡಿದು ನಿಲ್ಲಿಸುತ್ತವೆ. ಏಪ್ರಿಲ್ ಬಿಸಿಲಿಗೆ ಹಸಿ ಸ್ಲ್ಯಾಬಿನ ಮೈಮೇಲೆ ಬರುತ್ತಿದ್ದ ಕೂದಲೆಳೆ ಸೀಳು ಬಹುಪಾಲು ನಿಂತಿದೆ. ಹಾಗಂತ ಒಳಗಿನ ಕಬ್ಬಿಣದ ಸರಳು ಕಮ್ಮಿ ಮಾಡಬೇಡಿ.

ನಡುವೆ ಮಂಡಕ್ಕಿ ಭಟ್ಟಿಯ ಭತ್ತದ ಹೊಟ್ಟಿನ ಬೂದಿಯನ್ನೂ ಸಿಮೆಂಟಿನ ಬದಲು ಸ್ವಲ್ಪ ಹಾಕಿ ನೋಡಿದೆ. ಸರಿಯಾಗಿ ಸುಡದ ಕಪ್ಪು ಬೂದಿ, ನೀರೆಲ್ಲ ಕುಡಿಯಿತು, ಕೈಬಿಟ್ಟೆ. ಶೆಡ್ಡಿನ ಪಡುವಣ ಗೋಡೆಯ ಪ್ಲಾಸ್ಟರಿಗೆ ಅರ್ಧ ಇಂಚಿನ ಎಳೆ ಹಾಕಿದ್ದು ಮಾತ್ರ ಎರಡು ಬೇಸಿಗೆ ಕಳೆದರೂ ಸೀಳಿಲ್ಲ.

ಕತ್ತರಿಸುವ ಕೂಲಿ ಸೇರಿ ಸ್ಲ್ಯಾಬಿಗೆ ನಾಲ್ಕು ರೂಪಾಯಿ ಜಾಸ್ತಿ ಬೀಳುತ್ತದೆ. ನಾನು ಹತ್ತು ಜಾಸ್ತಿ ಹೇಳುತ್ತೇನೆ, ಕೊಡುತ್ತಿದ್ದಾರೆ.